ಸೋನಾರ್‌ಕ್ಯೂಬ್: ಜಿಪ್ಪೋ, ಡಾಕರೋ?

ಒಬ್ಬರೇ ಕೂತು ಕೋಡ್ ಬರೆಯುವವರಾದರೆ, ಕೋಡಿನ ತಪ್ಪು ಹುಡುಕುವ ಸೋನಾರ್‌ಕ್ಯೂಬ್ ಸರ್ವರಿನ ಗೊಡವೆಯೇ ಬೇಡ ಎನ್ನುತ್ತಿದ್ದೆ. ವಿಎಸ್ ಕೋಡ್‌ಗೆ ಸೋನಾರ್‌ಕ್ಯೂಬ್ ಮಾಡುವ ಕಂಪನಿಯದೇ ಎಕ್ಸ್‌ಟೆನ್ಷನ್ ಇದೆ (ಮೊದಲು ಸೋನಾರ್‌ಲಿಂಟ್ ಎನ್ನುತ್ತಿದ್ದರು). ಟೈಪ್ ಮಾಡುತ್ತಿದ್ದಂತೆಯೇ ತಪ್ಪಿನ ಕೆಳಗೆ ಗೆರೆ ಎಳೆಯುತ್ತದೆ.

ನೀವು ಐದು ಜನರ ತಂಡ ಎಂದಿದ್ದೀರಿ, ಹಾಗಾಗಿ ಸರ್ವರ್ ಬೇಕು. ರುಚಿ ನೋಡಲು ಡಾಕರ್ ಸಲೀಸು. ಇಮೇಜ್ ಇಳಿಸಿಕೊಂಡು 9000ನೇ ಪೋರ್ಟ್‌ನಲ್ಲಿ ಓಡಿಸಿ. ಹೆಸರೂ ಪಾಸ್‌ವರ್ಡೂ ಎರಡೂ ‘ಅಡ್ಮಿನ್’, ಒಳಹೊಕ್ಕ ಕೂಡಲೇ ಬದಲಿಸಿ. ವಾಲ್ಯೂಮ್ ಜೋಡಿಸುವುದನ್ನು ಮರೆತು ಕಂಟೇನರ್ ಅಳಿಸಿದಿರೋ, ಅಷ್ಟೂ ವರದಿ ಗಂಗೆ ಪಾಲು.

ಜನ ಎಡವುವುದು ಡೇಟಾಬೇಸಿನಲ್ಲಿ. ಜೊತೆಗೇ ಬರುವ ಎಚ್2 ಪರೀಕ್ಷೆಗಷ್ಟೇ. ‘ಆಮೇಲೆ ನೋಡಿದರಾಯಿತು’ ಎಂದು ನಾನೂ ಒಮ್ಮೆ ಮೂರು ತಿಂಗಳು ಅದರಲ್ಲೇ ಕಳೆದೆ. ಅದರ ಮಾಹಿತಿಯನ್ನು ಬೇರೆಡೆ ಸಾಗಿಸಲಾಗದೆಂದು ತಿಳಿದಾಗ ತಡವಾಗಿತ್ತು. ನೀವು ಮೊದಲ ದಿನವೇ ಪೋಸ್ಟ್‌ಗ್ರೆಸ್ ಹಾಕಿ.

ಡಾಕರ್ ಬೇಡವೆಂದರೆ ಜಿಪ್ ಬಿಚ್ಚಿಯೂ ಹಾಕಬಹುದು. ಆಗ ಜಾವಾ ನೀವೇ ಹಾಕಬೇಕು. ಲಿನಕ್ಸ್‌ನಲ್ಲಿ ರೂಟ್ ಆಗಿ ಓಡಿಸಿದರೆ ಶುರುವಾಗುವುದೇ ಇಲ್ಲ, ಒಳಗಿರುವ ಎಲಾಸ್ಟಿಕ್‌ಸರ್ಚ್ ಒಪ್ಪುವುದಿಲ್ಲ. ಮೆಮೊರಿ ಮ್ಯಾಪ್ ಮಿತಿಯನ್ನೂ 524288ಕ್ಕೆ ಏರಿಸಬೇಕು; ಡಾಕರ್ ಆದರೂ ಹೋಸ್ಟ್ ಯಂತ್ರದಲ್ಲಿ ಇದು ತಪ್ಪಿದ್ದಲ್ಲ.

ನಿಮಗೆ ನನ್ನ ಓಟು ಡಾಕರ್ ಕಂಪೋಸ್‌ಗೆ, ಪೋಸ್ಟ್‌ಗ್ರೆಸ್ ಜೊತೆಗೆ. ಇನ್ನೊಂದು: ಸರ್ವರ್ ತಾನಾಗಿ ಕೋಡ್ ಓದುವುದಿಲ್ಲ. ಓದುವುದು ಸ್ಕ್ಯಾನರ್, ಅದನ್ನು ಬೇರೆಯಾಗಿಯೇ ಹಾಕಿಕೊಳ್ಳಬೇಕು.