ಕೆಟ್ಟ ಯೋಚನೆಯನ್ನು ಅದುಮಬೇಡಿ, ಬರೆದು ನೋಡಿ

‘ಪಾಸಿಟಿವ್ ಆಗಿರಿ’ ಎಂಬ ಉಪದೇಶಕ್ಕೆ ನಮ್ಮಲ್ಲಿ ಬರವಿಲ್ಲ. ಕೇಳಿದವರು ಬೇಡದ ಯೋಚನೆ ಬಂದಕೂಡಲೇ ಅದನ್ನು ಅದುಮಲು ಹೊರಡುತ್ತಾರೆ, ಅದು ಇಮ್ಮಡಿಯಾಗಿ ಮರಳುತ್ತದೆ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ 1987ರಲ್ಲಿ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ನಡೆಸಿದ ಪ್ರಯೋಗದಲ್ಲಿ ಕಂಡದ್ದೂ ಇದೇ. ಅದುಮುವ ಬದಲು ಯೋಚನೆಯನ್ನು ಬರೆದು ಪರೀಕ್ಷಿಸುವ ದಾರಿ, ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಿಂದ ಬಂದದ್ದು. ಮನೆಯಲ್ಲೇ ಮಾಡಬಹುದು.

1. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆಯಿರಿ: ನಡೆದದ್ದು, ಭಾವನೆ, ಯೋಚನೆ, ಪುರಾವೆ. ಮೊಬೈಲ್ ಬೇಡ, ಬರೆಯಲು ಕೈಗೆತ್ತಿಕೊಂಡರೆ ರೀಲ್ಸ್ ನೋಡುತ್ತ ಕೂರುತ್ತೀರಿ.

2. ಮನಸ್ಸು ತಟ್ಟನೆ ಕುಗ್ಗಿದಾಗ ಅಥವಾ ಉಬ್ಬಿದಾಗ ಬರೆಯಿರಿ. ರಾತ್ರಿಗೆ ಮುಂದೂಡಿದರೆ ಅಷ್ಟರಲ್ಲಿ ಕಥೆಗೆ ರೆಕ್ಕೆಪುಕ್ಕ ಬಂದಿರುತ್ತದೆ.

3. ‘ನಡೆದದ್ದು’ ತುಂಬಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ‘ನಾದಿನಿ ಗೃಹಪ್ರವೇಶಕ್ಕೆ ಕರೆಯುವಾಗ ಅವಮಾನ ಮಾಡಿದಳು’ ಎಂದು ಬರೆಯುತ್ತಾರೆ. ಅದು ತೀರ್ಪು. ನಡೆದದ್ದು ಇಷ್ಟೇ: ‘ನಾದಿನಿ ವಾಟ್ಸ್‌ಆ್ಯಪ್‌ನಲ್ಲಿ ಆಮಂತ್ರಣ ಕಳಿಸಿದಳು, ಮನೆಗೆ ಬಂದು ಕರೆಯಲಿಲ್ಲ.’ ‘ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಎಂಬುದು ಮೂರನೇ ಕಾಲಂಗೆ ಸೇರಬೇಕು. ಸಿಸಿಟಿವಿಯಲ್ಲಿ ದಾಖಲಾಗುವಂಥದ್ದು ಮಾತ್ರ ಮೊದಲ ಕಾಲಂಗೆ, ಇದೇ ಅಳತೆಗೋಲು. ‘ಬೇಕೆಂದೇ’, ‘ಯಾವಾಗಲೂ’, ‘ಯಾರೂ’ ಎಂಬ ಪದಗಳು ಅಲ್ಲಿ ನುಸುಳಿದ್ದರೆ ಹೊಡೆದುಹಾಕಿ. ತೀರ್ಪನ್ನೇ ಘಟನೆಯೆಂದು ಬರೆದುಬಿಟ್ಟರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ, ನೋಟ್‌ಬುಕ್ ದೂರುಗಳ ಕಡತವಾಗುತ್ತದೆ. ಎರಡು ಪುಟ ತುಂಬಿಸಿ ‘ಇದರಿಂದ ಕೋಪ ಇನ್ನೂ ಜಾಸ್ತಿಯಾಯಿತು’ ಎನ್ನುವವರ ಮೊದಲ ಕಾಲಂ ನೋಡಿ, ಕಾರಣ ಸಿಗುತ್ತದೆ.

4. ಭಾವನೆಗೆ ಒಂದೇ ಪದ: ಬೇಸರ, ಭಯ, ನಾಚಿಕೆ. ಪಕ್ಕದಲ್ಲಿ ನೂರಕ್ಕೆ ಎಷ್ಟೆಂದು ಅಂಕ ಹಾಕಿ.

5. ಪುರಾವೆಯನ್ನು ಎರಡೂ ಕಡೆಗೆ ಹುಡುಕಿ. ನಾದಿನಿ ಉಳಿದವರನ್ನೂ ಹಾಗೇ ಕರೆದಳೇ? ಹೋದ ತಿಂಗಳು ಜ್ವರ ಬಂದಾಗ ವಿಚಾರಿಸಿದವರು ಯಾರು? ಬಳಿಕ ಒಪ್ಪಬಹುದಾದ ಒಂದು ವಾಕ್ಯ ಬರೆದು ಅಂಕ ಮತ್ತೆ ಹಾಕಿ. 80 ಇದ್ದದ್ದು 50ಕ್ಕೆ ಇಳಿದರೂ ಸಾಕು. ಅವಳು ನಿಜಕ್ಕೂ ಕಡೆಗಣಿಸಿದ್ದಾಳೆ ಎಂದೇ ಪುರಾವೆ ಹೇಳಿದರೆ ಅದನ್ನೂ ಒಪ್ಪಿಕೊಳ್ಳಿ. ಆಗ ಬೇಕಾದದ್ದು ಮುಖಾಮುಖಿ ಮಾತು, ಸಮಾಧಾನವಲ್ಲ.

6. ಸಿಹಿ ಯೋಚನೆಗೂ ಇದೇ ಪರೀಕ್ಷೆ. ‘ನನಗೇನೂ ಆಗಲ್ಲ’ ಎಂದು ಶುಗರ್ ಟೆಸ್ಟ್ ಮುಂದೂಡುವುದು ಆಶಾವಾದವಲ್ಲ, ತಪ್ಪಿಸಿಕೊಳ್ಳುವ ಜಾಣತನ. ಪ್ರತಿ ‘ಎಲ್ಲ ಸರಿಹೋಗುತ್ತೆ’ ಪಕ್ಕದಲ್ಲಿ ‘ಅದಕ್ಕಾಗಿ ನಾಳೆ ನಾನು ಮಾಡುವುದು’ ಎಂದು ಒಂದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಅದು ಬರಿಯ ಹಗಲುಗನಸು.

7. ವಾರದ ಕೊನೆಗೆ ಒಮ್ಮೆ ಓದಿ. ಇತರರ ಮನಸ್ಸನ್ನು ಓದಿದಂತೆ ಊಹಿಸುವುದು, ಒಂದು ಸೋಲಿಗೆ ಬದುಕೇ ಮುಗಿಯಿತೆನ್ನುವುದು, ಒಳ್ಳೆಯದಾದರೆ ‘ಅದೃಷ್ಟ’ ಎನ್ನುವುದು: ನಿಮ್ಮ ಚಾಳಿ ಯಾವುದೆಂದು ಕಾಣುತ್ತದೆ.

ಒಂದು ಬಾರಿಗೆ ಹತ್ತು ನಿಮಿಷ ಸಾಕು, ಮೀರಿದರೆ ಅದು ಕೊರಗು. ಎರಡು ವಾರವಾದರೂ ದುಗುಡ ಇಳಿಯದೆ ನಿದ್ದೆ, ಊಟ ಕೆಟ್ಟಿದ್ದರೆ ನೋಟ್‌ಬುಕ್ ನಂಬಿ ಕೂರಬೇಡಿ, ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲು ರಾತ್ರಿ, ಕನ್ನಡದಲ್ಲೂ ಮಾತನಾಡಬಹುದು.