ವೈಸ್‌ನ ಎತ್ತರ ಬದಲಾಗಲಿ, ಅಳತೆ ಬದಲಾಗಬಾರದು

ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತಾ, ಕಲಿತವರನ್ನು ಕಾರ್ಖಾನೆಗಳಿಗೆ ಅಪ್ರೆಂಟಿಸ್ ಆಗಿ ಕಳಿಸುತ್ತಾ ಬಂದವನು ನಾನು. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡವರು, ಕಿವಿ ಕೇಳದವರು, ಒಂದೇ ಕಣ್ಣಿನ ದೃಷ್ಟಿ ಇದ್ದವರು ಈ ಬೆಂಚುಗಳಲ್ಲೇ ಕಲಿತು ಹೋಗಿದ್ದಾರೆ. ಅವರಿಂದ ನಾನು ತಿಳಿದುಕೊಂಡದ್ದು ಇಷ್ಟು.

1. ಟ್ರೇಡಿನ ಹೆಸರು ನೋಡಿ ತೀರ್ಮಾನಿಸಬೇಡಿ. ಕಾಲಿನ ತೊಂದರೆ ಎಂದ ಕೂಡಲೇ ಎಲ್ಲರೂ ಕಂಪ್ಯೂಟರ್ ಕೋರ್ಸಿನ ಕಡೆ ಕೈ ತೋರಿಸುತ್ತಾರೆ. ಹುಡುಗನಿಗೆ ಕಬ್ಬಿಣದ ಕೆಲಸದ ಮೇಲೆ ಮನಸ್ಸಿದ್ದರೆ? ಫಿಟ್ಟರ್ ಅಂದರೆ ಮಾರ್ಕಿಂಗ್, ಫೈಲಿಂಗ್ (ಅರದಿಂದ ಉಜ್ಜುವುದು), ಡ್ರಿಲ್ಲಿಂಗ್, ಟ್ಯಾಪಿಂಗ್, ಜೋಡಣೆ, ಅಳತೆ ಎಲ್ಲವೂ ಸೇರಿ. ಕೂತು ಮಾಡಬಹುದಾದದ್ದು ಯಾವುದು, ನಿಲ್ಲಲೇಬೇಕಾದದ್ದು ಯಾವುದು, ಭಾರ ಎತ್ತಬೇಕಾದದ್ದು ಯಾವುದು ಎಂದು ಒಂದೊಂದಾಗಿ ನೋಡಿ. ಕೊನೆಗೆ ಕಷ್ಟವೆನಿಸುವುದು ಒಂದೋ ಎರಡೋ ಉಳಿಯುತ್ತದೆ. ಅದಕ್ಕೆ ಚೈನ್ ಪುಲ್ಲಿಯೋ ಜೊತೆಗಾರನ ಕೈಯೋ ಸಾಕು.

2. ಜಾಗವನ್ನು ಮೈಗೆ ಹೊಂದಿಸಿ. ತುಂಡನ್ನು ಬಿಗಿಹಿಡಿಯುವ ವೈಸ್‌ನ ದವಡೆ ಕೆಲಸಗಾರನ ಮೊಣಕೈ ಮಟ್ಟಕ್ಕಿರಬೇಕು ಎಂಬುದನ್ನು ಫಿಟ್ಟರ್‌ಗಳಿಗೆ ಶುರುವಿನಲ್ಲೇ ಹೇಳಿಕೊಡುತ್ತೇವೆ. ನಿಂತವನಿಗೆ ನಿಂತಾಗಿನ ಮೊಣಕೈ, ಕೂತವನಿಗೆ ಕೂತಾಗಿನ ಮೊಣಕೈ. ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕಿದ್ದ ಒಬ್ಬ ವಿದ್ಯಾರ್ಥಿ ಬೆಂಚಿಗೆ ಸೊಂಟ ಆನಿಸಿಕೊಂಡು ಫೈಲ್ ಉಜ್ಜುತ್ತಿದ್ದ. ಭುಜ ಮೇಲೇರಿ ಫೈಲ್ ತೊಟ್ಟಿಲಿನಂತೆ ತೂಗುತ್ತಿತ್ತು; ತುಂಡಿನ ನಡುವೆ ಉಬ್ಬು, ಎರಡು ಅಂಚಿನಲ್ಲಿ ತಗ್ಗು. ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಹಿಡಿದರೆ ಎರಡೂ ಬದಿಯಲ್ಲಿ ಬೆಳಕು ಸೋರುತ್ತಿತ್ತು. ವೆಲ್ಡರ್ ವಿಭಾಗದ ಹುಡುಗರು ಆಂಗಲ್ ಐರನ್ನಿನಿಂದ ತಗ್ಗಾದ ಸ್ಟ್ಯಾಂಡ್ ಮಾಡಿಕೊಟ್ಟರು. ಅದರ ಮೇಲೆ ವೈಸ್ ಕೂರಿಸಿ, ಅಲುಗಾಡದ ಸ್ಟೂಲ್ ಹಾಕಿದೆವು. ಅಭ್ಯಾಸವಾಗುತ್ತಾ ಬಂದಂತೆ ಬೆಳಕು ಸೋರುವುದು ನಿಂತಿತು. ಕೂತು ಉಜ್ಜುವಾಗ ಮೈಭಾರ ಫೈಲಿನ ಮೇಲೆ ಬೀಳುವುದಿಲ್ಲ, ಹಾಗಾಗಿ ಹೊತ್ತು ಹೆಚ್ಚು ಹಿಡಿಯುತ್ತದೆ. ಆ ಹೊತ್ತನ್ನು ಕೊಡಲೇಬೇಕು. ಆದರೆ 0.02 ಮಿ.ಮೀ. ತೋರಿಸುವ ವರ್ನಿಯರ್ ಎಲ್ಲರಿಗೂ ಒಂದೇ. ಅಳತೆಯಲ್ಲಿ ರಿಯಾಯಿತಿ ಕೊಟ್ಟು ಪಾಸ್ ಮಾಡಿದರೆ ನಾಳೆ ಕಾರ್ಖಾನೆಯಲ್ಲಿ ಅವನ ಜಾಬ್ (ಮಾಡಿದ ತುಂಡು) ರಿಜೆಕ್ಟ್ ಆಗುತ್ತದೆ.

3. ಸುರಕ್ಷತೆಯನ್ನು ಮೊದಲೇ ಯೋಚಿಸಿ. ಕಿವಿ ಕೇಳದ ಹುಡುಗ ಲೇತ್ ಮೇಲೆ ಟೂಲ್ ಅದುರುವುದನ್ನು ಹ್ಯಾಂಡ್‌ವೀಲ್‌ನ ನಡುಕದಿಂದ, ಜಾಬಿನ ಮೇಲೆ ಮೂಡುವ ಗೆರೆಗಳಿಂದ ಹಿಡಿಯುತ್ತಾನೆ. ನನಗೆ ಹೆದರಿಕೆ ಇರುವುದು ಬೆನ್ನ ಹಿಂದಿನಿಂದ ಬರುವ ಫೋರ್ಕ್‌ಲಿಫ್ಟ್, ತಲೆಯ ಮೇಲಿನ ಕ್ರೇನ್‌ಗಳದ್ದು. ಸೈರನ್ ಜೊತೆ ಮಿನುಗುವ ದೀಪ, ಮಷಿನ್ ಎದುರಿಗೊಂದು ಕನ್ನಡಿ, ಎಲ್ಲರೂ ಒಪ್ಪಿದ ಕೈಸನ್ನೆ ಬೇಕು. ಒಂದು ಕಣ್ಣಿನವರು ಗ್ರೈಂಡಿಂಗ್ ವೀಲ್ ಬಳಿ ಸೇಫ್ಟಿ ಕನ್ನಡಕವಿಲ್ಲದೆ ಕ್ಷಣವೂ ನಿಲ್ಲಬಾರದು. ಇನ್ನೊಂದು, ಯಾರೂ ಮುಂಚೆ ಹೇಳದ ಮಾತು: ಹಲವರ ಕ್ಯಾಲಿಪರ್ ಶೂಗೇ ಜೋಡಣೆಯಾಗಿರುತ್ತದೆ, ಕಾರ್ಖಾನೆ ಕೊಡುವ ಸೇಫ್ಟಿ ಶೂ ಅದಕ್ಕೆ ಕೂರುವುದಿಲ್ಲ. ಸೇರುವ ಮೊದಲೇ ಆ ಶೂ ತರಿಸಿಕೊಂಡು ಕ್ಯಾಲಿಪರ್ ಮಾಡಿಕೊಟ್ಟವರ ಬಳಿ ಒಯ್ಯಿರಿ.

4. ಕಾಗದಪತ್ರ ಸರಿ ಇರಲಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ 40% ಅಂಗವೈಕಲ್ಯ ದಾಖಲಾಗಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಅದನ್ನು ನೋಡಿಕೊಳ್ಳುವ ಒಬ್ಬ ಅಧಿಕಾರಿಯೂ ಇರಬೇಕು. ಅವರ ಹೆಸರು ಕೇಳಿ ತಿಳಿದುಕೊಳ್ಳಿ. ಅಪ್ರೆಂಟಿಸ್ ಆಗಿ ಸೇರುವಾಗ 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದಕ್ಕೆ ಸಹಿ ಮಾಡುತ್ತೀರಿ. ತರಬೇತಿಯಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದು. ಆದರೆ ಒಪ್ಪಂದದಲ್ಲಿ ಹಾಗೆಂದು ಬರೆಯದಿದ್ದರೆ, ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದಿಲ್ಲ.

5. ಬೇಕಾದದ್ದನ್ನು ಕೆಲಸದ ಮಾತಿನಲ್ಲೇ ಕೇಳಿ. "ನನಗೆ ಕಾಲು ಸರಿಯಿಲ್ಲ ಸಾರ್" ಎಂದರೆ ಸೂಪರ್‌ವೈಸರ್ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. "ಡ್ರಿಲ್ಲಿಂಗ್ ಮಷಿನ್ ಮುಂದೆ ಇಷ್ಟೆತ್ತರದ ಸ್ಟೂಲ್ ಬೇಕು ಸಾರ್" ಎಂದರೆ ಸ್ಟೋರ್‌ಗೆ ಚೀಟಿ ಬರೆಯುತ್ತಾರೆ.

6. ಕನಿಕರಕ್ಕೆ ಮಣಿಯಬೇಡಿ. ಇದು ನನ್ನನ್ನು ಹೆಚ್ಚು ನೋಯಿಸುವ ವಿಷಯ. "ಪಾಪ, ಯಾಕೆ ಕಷ್ಟ" ಎಂದು ರಿಜಿಸ್ಟರ್ ಬರೆಯಲು ಕೂರಿಸುತ್ತಾರೆ. ಮನೆಯವರಿಗೂ ಸಮಾಧಾನ. ವರ್ಷ ಕಳೆದು ಟ್ರೇಡ್ ಟೆಸ್ಟ್ ಬಂದಾಗ ಫೈಲ್ ಹಿಡಿದು ತಿಂಗಳುಗಳೇ ಆಗಿರುತ್ತವೆ. ಪ್ರತಿದಿನ ಯಾವ ಕೆಲಸ ಮಾಡಿದಿರಿ ಎಂದು ಬರೆದಿಡಿ. ಬೆಂಚಿನ ಕೆಲಸ ಇಲ್ಲದೆ ವಾರಗಳು ಉರುಳುತ್ತಿದ್ದರೆ ಆ ಪುಸ್ತಕ ತೋರಿಸಿ ಕೇಳಿ, ನಿಮ್ಮ ಐಟಿಐಗೂ ತಿಳಿಸಿ.

7. ಬಸ್ ಸ್ಟಾಪಿನಿಂದ ಗೇಟಿಗೆ ಎಷ್ಟು ದೂರ, ಬಳಸಬಹುದಾದ ಶೌಚಾಲಯ ಇದೆಯೇ, ಇವನ್ನು ಸೇರುವ ಮೊದಲೇ ನೋಡಿ ಬನ್ನಿ. ಶೌಚಾಲಯಕ್ಕೆ ಹೆದರಿ ಇಡೀ ಪಾಳಿ ನೀರು ಕುಡಿಯದೆ ಕೂರುವ ಮಕ್ಕಳಿದ್ದಾರೆ.

ಅಪ್ರೆಂಟಿಸ್ ತೆಗೆದುಕೊಳ್ಳುವ ಕಾರ್ಖಾನೆಯವರಲ್ಲಿ ಒಂದು ಮನವಿ. ಸಂದರ್ಶನಕ್ಕೆ ಬಂದವರ ಕಾಲನ್ನೋ ಕಿವಿಯನ್ನೋ ನೋಡಿ ವಾಪಸ್ ಕಳಿಸಬೇಡಿ. ಒಂದು ಎಂ.ಎಸ್. (ಮೈಲ್ಡ್ ಸ್ಟೀಲ್) ತುಂಡು, ಒಂದು ಫೈಲ್, ಅವರ ಮೊಣಕೈ ಮಟ್ಟದ ವೈಸ್ ಕೊಡಿ. ಉಜ್ಜಿ ಕೊಟ್ಟದ್ದನ್ನು ಅಳೆದು ನೋಡಿ ಆಮೇಲೆ ತೀರ್ಮಾನ ಹೇಳಿ.