ಚಳಿಗಾಲದ ಪ್ರಾಗ್: ಮೋಸ ಹೋಗದೆ ಸುತ್ತುವ ಬಗೆ

ಜನವರಿ, ಫೆಬ್ರವರಿಯಲ್ಲಿ ಪ್ರಾಗ್ ನೋಡಲು ಹೋಗುವುದು ಜಾಣತನ. ಕ್ರಿಸ್ಮಸ್ ಸಂತೆಗಳು ಸಾಮಾನ್ಯವಾಗಿ ಜನವರಿ 6ರ ಹೊತ್ತಿಗೆ ಮುಗಿದಿರುತ್ತವೆ, ಕೋಣೆಗಳ ಬಾಡಿಗೆ ಇಳಿದಿರುತ್ತದೆ, ಬೇಸಿಗೆಯಲ್ಲಿ ಕಾಲಿಡಲು ಜಾಗವಿಲ್ಲದ ಚಾರ್ಲ್ಸ್ ಸೇತುವೆಯ ಮೇಲೆ ನಿಧಾನವಾಗಿ ನಡೆಯಬಹುದು. ಆದರೆ ಪ್ರವಾಸಿಗರನ್ನೇ ನಂಬಿ ಬದುಕುವ ಕೆಲವು ಅಂಗಡಿಗಳು ಆಗಲೂ ತೆರೆದಿರುತ್ತವೆ. ಪ್ರಾಗ್ ಅಪಾಯದ ಊರಲ್ಲ. ರಾತ್ರಿ ಹೊತ್ತಿನಲ್ಲೂ ಟ್ರಾಮ್ ಹತ್ತಿ ಓಡಾಡಬಹುದು. ಅಲ್ಲಿ ಪ್ರವಾಸಿಗರ ಹಣ ಹೋಗುವುದು ಚಾಕು ತೋರಿಸಿದ್ದಕ್ಕಲ್ಲ, ದರ ಓದದೆ ತಲೆಯಾಡಿಸಿದ್ದಕ್ಕೆ. ಹಾಗಾಗಿ ಕೆಳಗಿನ ಹಂತಗಳಲ್ಲೆಲ್ಲ ಕೆಲಸ ಒಂದೇ: ಒಪ್ಪಿಕೊಳ್ಳುವ ಮೊದಲು ಅಂಕಿ ನೋಡುವುದು.

ಹಂತ 1: ಊರು ಬಿಡುವ ಮುನ್ನ

ನಮ್ಮ ಬ್ಯಾಂಕುಗಳ ಹೊಸ ಕಾರ್ಡುಗಳು ಆರ್‌ಬಿಐ ನಿಯಮದಂತೆ ಮೊದಲಿಗೆ ದೇಶದೊಳಗೆ ಮಾತ್ರ ಕೆಲಸ ಮಾಡುತ್ತವೆ. ವಿದೇಶ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ತೆರೆಯುವಾಗಲೇ ದಿನದ ಮಿತಿಯನ್ನೂ ಕಡಿಮೆ ಇಡಿ. ಎರಡು ಕಾರ್ಡುಗಳಿರಲಿ, ಎರಡೂ ಒಂದೇ ಪರ್ಸಿನಲ್ಲಿ ಬೇಡ. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಫೋಟೊವನ್ನು ಫೋನಿನಲ್ಲೂ ಇಮೇಲಿನಲ್ಲೂ ಇಟ್ಟುಕೊಳ್ಳಿ. ಷೆಂಗೆನ್ ವೀಸಾಕ್ಕಾಗಿ ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆಯ ವಿಮೆ ಮಾಡಿಸಿರುತ್ತೀರಿ. ಅದರಲ್ಲಿ ಕಳ್ಳತನಕ್ಕೆ ಪರಿಹಾರ ಇದೆಯೇ, ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆಯೇ ಎಂದು ಈಗಲೇ ಓದಿ.

ಕೋಣೆ ಕಾದಿರಿಸಿದ ಮೇಲೆ ಒಂದು ಎಚ್ಚರ ಬೇಕು. "ನಿಮ್ಮ ಕಾರ್ಡ್ ಪರಿಶೀಲಿಸಬೇಕು, 12 ಗಂಟೆಯೊಳಗೆ ಈ ಲಿಂಕ್ ಒತ್ತಿ, ಇಲ್ಲವಾದರೆ ಬುಕಿಂಗ್ ರದ್ದು" ಎಂಬ ಸಂದೇಶ ಹೋಟೆಲಿನ ಹೆಸರಿನಲ್ಲೇ ಬರಬಹುದು. ಒತ್ತಬೇಡಿ. ಹೋಟೆಲಿಗೆ ನೇರವಾಗಿ ಫೋನ್ ಮಾಡಿ ಕೇಳಿ. ಬುಕಿಂಗ್ ತಾಣದ ಹೊರಗೆ, ಬ್ಯಾಂಕ್ ಖಾತೆಗೆ ನೇರವಾಗಿ ಹಣ ಕಳಿಸಿ ಎನ್ನುವ ಮನೆ ಮಾಲೀಕರ ಮನೆ ಎಷ್ಟೇ ಚೆನ್ನಾಗಿರಲಿ, ಬೇಡ ಎನ್ನಿ.

ಹಂತ 2: ವಿಮಾನ ನಿಲ್ದಾಣದಿಂದ ಊರೊಳಗೆ

ವಾತ್ಸ್ಲಾವ್ ಹಾವೆಲ್ ನಿಲ್ದಾಣದಲ್ಲಿ ಇಳಿದವರಿಗೆ ಟ್ಯಾಕ್ಸಿ ಅನಿವಾರ್ಯವಲ್ಲ. 59ನೇ ಸಂಖ್ಯೆಯ ಟ್ರಾಲಿಬಸ್ ನಾದ್ರಾಝಿ ವೆಲೆಸ್ಲಾವಿನ್ ಎಂಬಲ್ಲಿಗೆ ಹೋಗುತ್ತದೆ. ಅಲ್ಲಿಂದ ಎ ಮಾರ್ಗದ ಮೆಟ್ರೊ ನೇರವಾಗಿ ಹಳೇ ಪಟ್ಟಣದ ಬದಿಗೆ ಒಯ್ಯುತ್ತದೆ. ಟ್ಯಾಕ್ಸಿಯೇ ಬೇಕೆಂದರೆ, ದರ ಮೊದಲೇ ತೋರಿಸುವ ಆ್ಯಪ್‌ನಲ್ಲಿ ಕರೆಯಿರಿ. ಆಗಮನದ ಬಾಗಿಲಲ್ಲಿ ಹತ್ತಿರ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಎನ್ನುವವರ ಹಿಂದೆ ಹೋಗಬೇಡಿ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗತೊಡಗುತ್ತದೆ. ದಣಿವು, ಚಳಿ, ಕತ್ತಲು ಸೇರಿದಾಗ ಯಾರಾದರೂ ಪೆಟ್ಟಿಗೆ ಎತ್ತಿಕೊಂಡರೆ ಸಾಕು ಅನಿಸುತ್ತದೆ. ಆದ್ದರಿಂದ ಕೋಣೆಗೆ ಹೋಗುವ ದಾರಿಯನ್ನು ವಿಮಾನ ಹತ್ತುವ ಮೊದಲೇ ಬರೆದಿಟ್ಟುಕೊಳ್ಳಿ.

ಹಂತ 3: ಹಣ

ಹೆಚ್ಚು ನಷ್ಟ ಆಗುವುದು ಇಲ್ಲೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಚೆಕ್ ಗಣರಾಜ್ಯ ಯೂರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿನ ಹಣ ಯೂರೊ ಅಲ್ಲ, ಕೊರುನಾ. ಒಂದು ಯೂರೊಗೆ ಸುಮಾರು 24–25 ಕೊರುನಾ, ಒಂದು ಕೊರುನಾಕ್ಕೆ ಸುಮಾರು 4 ರೂಪಾಯಿ ಎಂದು ಲೆಕ್ಕ ಇಟ್ಟುಕೊಳ್ಳಿ. ಅನೇಕ ಅಂಗಡಿಗಳು ಯೂರೊ ತೆಗೆದುಕೊಳ್ಳುತ್ತವೆ, ಆದರೆ ತಮ್ಮದೇ ದರದಲ್ಲಿ. ಕೊರುನಾದಲ್ಲೇ ಕೊಡಿ.

ಹಳೇ ಪಟ್ಟಣದ ಬೀದಿಗಳಲ್ಲಿ ಹಣ ಬದಲಿಸುವ ಅಂಗಡಿಗಳು ಸಾಲಾಗಿವೆ. "0% ಕಮಿಷನ್" ಎಂಬ ಫಲಕ ದೊಡ್ಡದಾಗಿ ಹೊಳೆಯುತ್ತದೆ. ಕಮಿಷನ್ ಇಲ್ಲದಿದ್ದರೇನು, ದರವೇ ಕೆಟ್ಟದಾಗಿದ್ದರೆ ಅದೇ ಕಮಿಷನ್. ಬ್ಯಾಂಕ್ ದರ 24.50 ಇರುವ ದಿನ ಅಂಗಡಿಯವರು 17 ಕೊಟ್ಟರೆ, 100 ಯೂರೊಗೆ 750 ಕೊರುನಾ, ಅಂದರೆ ಸುಮಾರು 3,000 ರೂಪಾಯಿ ಹೋಯಿತು. ಹೀಗೆ ಮಾಡಿ: ನೋಟು ಕಿಟಕಿಯೊಳಗೆ ತಳ್ಳುವ ಮೊದಲು "100 ಯೂರೊ ಕೊಟ್ಟರೆ ಕೈಗೆ ಎಷ್ಟು ಕೊರುನಾ ಬರುತ್ತದೆ?" ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಫೋನಿನಲ್ಲಿ ಆ ದಿನದ ದರದೊಂದಿಗೆ ಹೋಲಿಸಿ. ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಒಂದು ವೇಳೆ ಮೋಸ ಹೋದಿರಿ ಎಂದುಕೊಳ್ಳೋಣ. ಚೆಕ್ ಕಾನೂನು ಇಲ್ಲಿ ನಿಮ್ಮ ಪರ ಇದೆ. 2019ರಿಂದ, 1,000 ಯೂರೊ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. ರಸೀದಿ ಹಿಡಿದು ಅದೇ ಅಂಗಡಿಗೆ ಹೋಗಿ ಹಣ ವಾಪಸು ಕೇಳಿ. ಇದಕ್ಕಾಗಿ ರಸೀದಿ ಇಲ್ಲದೆ ಯಾವತ್ತೂ ಹಣ ಬದಲಿಸಬೇಡಿ. ಪ್ರವಾಸಿಗರನ್ನು ಸುಲಿಯುವ ಅಂಗಡಿಗಳನ್ನು ಕ್ಯಾಮೆರಾ ಮುಂದೆ ತೋರಿಸುತ್ತಾ ಬಂದ ಚೆಕ್ ಪತ್ರಕರ್ತ ಯಾನೆಕ್ ರುಬೆಶ್ ಅವರ ಯೂಟ್ಯೂಬ್ ವಾಹಿನಿ 'ಆನೆಸ್ಟ್ ಗೈಡ್' ಹೋಗುವ ಮೊದಲು ನೋಡಲು ಯೋಗ್ಯ. ಊರಿನವನೇ ಊರ ಕೊಳಕನ್ನು ತೋರಿಸುವುದಕ್ಕೆ ಧೈರ್ಯ ಬೇಕು, ಅದನ್ನು ನಾನು ಮೆಚ್ಚುತ್ತೇನೆ.

ಬೀದಿಯಲ್ಲಿ ನಿಂತು "ಒಳ್ಳೆಯ ದರ ಕೊಡುತ್ತೇನೆ" ಎನ್ನುವವನ ಬಳಿ ಒಂದು ಪೈಸೆಯೂ ಬೇಡ. ಅವನು ಕೊಡುವ ನೋಟು ಹಂಗೇರಿಯ ಫೊರಿಂಟ್ ಆಗಿರಬಹುದು. ಸೊನ್ನೆಗಳು ಹೆಚ್ಚು, ಬೆಲೆ ಬಹಳ ಕಡಿಮೆ. 100 ಕೊರುನಾ ನೋಟಿನ ಮೇಲೆ ನಾಲ್ಕನೇ ಚಾರ್ಲ್ಸ್ ದೊರೆಯ ಚಿತ್ರ ಇರುತ್ತದೆ, 500ರ ಮೇಲೆ ಲೇಖಕಿ ಬೊಝೆನಾ ನ್ಯೆಮ್ಸೊವಾ, 1,000ದ ಮೇಲೆ ಇತಿಹಾಸಕಾರ ಪಲಾಟ್ಸ್ಕಿ. ಈ ಮುಖಗಳನ್ನು ಮೊದಲೇ ನೋಡಿಕೊಂಡರೆ ಬೇರೆ ದೇಶದ ನೋಟು ಕೈಗೆ ಬಂದ ಕೂಡಲೇ ಗೊತ್ತಾಗುತ್ತದೆ.

ಎಟಿಎಂ ಬಳಸುವುದಾದರೆ ಬ್ಯಾಂಕಿನ ಕಟ್ಟಡಕ್ಕೆ ಅಂಟಿದ ಯಂತ್ರ ಹುಡುಕಿ: ಚೆಸ್ಕಾ ಸ್ಪೊರಿಟೆಲ್ನಾ, ಕೊಮೆರ್ಚ್ನಿ ಬಾಂಕಾ ಇವು ಅಲ್ಲಿನ ದೊಡ್ಡ ಬ್ಯಾಂಕುಗಳು. ಸ್ಮರಣಿಕೆ ಅಂಗಡಿಗಳ ಪಕ್ಕದಲ್ಲಿ ಬಿಡಿಯಾಗಿ ನಿಂತ ಯಂತ್ರಗಳನ್ನು ದಾಟಿ ಹೋಗಿ. ಯಾವ ಯಂತ್ರವಾದರೂ ಒಂದು ಹಂತದಲ್ಲಿ "ರೂಪಾಯಿಗೆ ಪರಿವರ್ತಿಸಿ ಕಡಿತ ಮಾಡಲೇ?" ಎಂದು ಕೇಳಬಹುದು. ಬೇಡ ಎಂದೇ ಒತ್ತಿ. ಆ ದರ ಯಂತ್ರದವರದು, ಬಹುತೇಕ ನಷ್ಟದ್ದೇ. ನಿರಾಕರಿಸಿದರೆ ಹಣ ಬರುವುದಿಲ್ಲವೇನೋ ಎಂಬ ಭಯ ಬೇಡ, ಬರುತ್ತದೆ. ಹೋಟೆಲಿನ ಕಾರ್ಡ್ ಯಂತ್ರವೂ ಇದೇ ಪ್ರಶ್ನೆ ಕೇಳುತ್ತದೆ. ಅಲ್ಲೂ ಕೊರುನಾವನ್ನೇ ಆರಿಸಿ.

ಹಂತ 4: ಟ್ರಾಮ್ ಮತ್ತು ಮೆಟ್ರೊ

ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹಳದಿ ಯಂತ್ರಕ್ಕೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ. ಇದು ಮೋಸವಲ್ಲ, ನಿಯಮ. ಟ್ರಾಮಿನೊಳಗಿನ ಕಾರ್ಡ್ ಯಂತ್ರದಲ್ಲಿ ಕೊಂಡ ಟಿಕೆಟ್‌ಗೆ ಬೇರೆ ಮುದ್ರೆ ಬೇಕಿಲ್ಲ. ತಪಾಸಕರು ಸಾದಾ ಉಡುಪಿನಲ್ಲಿ ಇರಬಹುದು. ಬ್ಯಾಡ್ಜ್ ತೋರಿಸಲು ಹೇಳಿ, ದಂಡ ಕಟ್ಟಿದರೆ ರಸೀದಿ ಪಡೆಯಿರಿ.

ಹಂತ 5: ಊಟ, ತಿಂಡಿ

ಹಳೇ ಪಟ್ಟಣದ ಚೌಕದ ಮಳಿಗೆಗಳಲ್ಲಿ ಹೊಗೆಯಾಡಿಸಿದ ಹಂದಿಮಾಂಸ ಮಾರುತ್ತಾರೆ. ಫಲಕದ ಬೆಲೆ 100 ಗ್ರಾಂಗೆ, ಕತ್ತರಿಸಿ ಕೊಡುವುದು ಅದರ ಮೂರು ನಾಲ್ಕು ಪಟ್ಟು. ಕತ್ತರಿಸುವ ಮೊದಲೇ "100 ಗ್ರಾಂ" ಎಂದು ಸ್ಪಷ್ಟವಾಗಿ ಹೇಳಿ, ತೂಕ ನೋಡಿ. ಟ್ರ್ಡೆಲ್ನಿಕ್ ಎಂಬ ಸುರುಳಿ ಸಿಹಿಯನ್ನು ಚೆಕ್ಕರ ಪ್ರಾಚೀನ ತಿನಿಸೆಂದು ಮಾರುತ್ತಾರೆ. ಅದು ಪ್ರವಾಸಿಗರಿಗಾಗಿ ಇತ್ತೀಚೆಗೆ ಹಬ್ಬಿದ್ದು. ಇಷ್ಟವಾದರೆ ತಿನ್ನಿ, ಪರಂಪರೆಯ ಬೆಲೆ ಕೊಡಬೇಕಾಗಿಲ್ಲ.

ಕೂತು ಉಣ್ಣುವ ಜಾಗದಲ್ಲಿ ಕೇಳದೆ ಮೇಜಿಗೆ ಬಂದ ಬ್ರೆಡ್‌ಗೂ ಉಪ್ಪು ಕಡ್ಡಿಗೂ ಬಿಲ್ ಆಗಬಹುದು. ಬೇಡವಾದರೆ ಮುಟ್ಟುವ ಮೊದಲು ಹೇಳಿ. ಕುಡಿಯುವ ನೀರಿಗೂ ಹಣ. ಇನಾಮು ಸುಮಾರು 10 ಪ್ರತಿಶತ ಕೊಡುವ ರೂಢಿಯಿದೆ, ಕಡ್ಡಾಯವಲ್ಲ. ಬಿಲ್‌ನಲ್ಲಿ ಸೇವಾ ಶುಲ್ಕ ಸೇರಿದ್ದರೆ ಮತ್ತೆ ಕೊಡಬೇಕಿಲ್ಲ. ಚೌಕದಿಂದ ನಾಲ್ಕು ಬೀದಿ ಆಚೆ ಹೋಗಿ, ವಾರದ ದಿನಗಳಲ್ಲಿ ಮಧ್ಯಾಹ್ನ ಸಿಗುವ 'ದೆನ್ನಿ ಮೆನು' ಕೇಳಿ. ಊರಿನ ನೌಕರರು ಉಣ್ಣುವುದು ಅದನ್ನೇ. ಸಸ್ಯಾಹಾರಿಗಳಿಗೆ ಸ್ಮಾಝೆನಿ ಸೀರ್ ಎಂಬ ಕರಿದ ಚೀಸ್ ಎಲ್ಲೆಡೆ ಸಿಗುತ್ತದೆ. ಮೊಟ್ಟೆ ಸೇರಿಸಿರುತ್ತಾರೆ, ಗಮನವಿರಲಿ.

ಹಂತ 6: ಜೇಬು ಮತ್ತು ಕೋಟು

1410ರ ಖಗೋಳ ಗಡಿಯಾರದ ಕೆಳಗೆ ಪ್ರತಿ ಗಂಟೆಗೂ ಜನ ಕತ್ತೆತ್ತಿ ನಿಲ್ಲುತ್ತಾರೆ. ಜೇಬುಗಳ್ಳರಿಗೆ ಅದೇ ಸಮಯ. ಪ್ರಾಗ್ ಕೋಟೆಯತ್ತ ಹೋಗುವ 22ನೇ ಟ್ರಾಮೂ ಅಂಥದ್ದೇ. ದಪ್ಪ ಜಾಕೆಟ್ ಹಾಕಿದಾಗ ಹೊರ ಜೇಬಿಗೆ ಕೈ ಹೋದದ್ದು ಗೊತ್ತೇ ಆಗುವುದಿಲ್ಲ. ಹಾಗಾಗಿ ಪಾಸ್‌ಪೋರ್ಟ್, ಕಾರ್ಡ್ ಒಳಗಿನ ಜಿಪ್ ಜೇಬಿನಲ್ಲಿರಲಿ. ಬೆಚ್ಚಗಿನ ಪಬ್‌ಗೆ ಹೊಕ್ಕ ಕೂಡಲೇ ಕೋಟನ್ನು ಗೂಟಕ್ಕೆ ನೇತುಹಾಕುತ್ತೇವಲ್ಲ, ಬೆಲೆಬಾಳುವುದೆಲ್ಲ ಅದರೊಂದಿಗೆ ನೇತಾಡದಿರಲಿ.

ಚೌಕದಲ್ಲಿ ವೇಷಧಾರಿಗಳು ಅಪ್ಪಿಕೊಂಡು ಫೋಟೊ ತೆಗೆಸಿ ಹಣ ಕೇಳಬಹುದು. ನಗುತ್ತಾ ದೂರ ಸರಿಯಿರಿ. ಕೋಟೆಯ ಅಂಗಳಗಳಿಗೆ ಪ್ರವೇಶ ಉಚಿತ. ಒಳಗಿನ ಕಟ್ಟಡಗಳ ಟಿಕೆಟ್ ಅಧಿಕೃತ ಕೌಂಟರಿನಲ್ಲೇ ಕೊಳ್ಳಿ.

ಹಂತ 7: ಪೊಲೀಸ್ ಎಂದು ಬಂದವರು, ನಿಜವಾದ ಪೊಲೀಸರು

ಸಾದಾ ಉಡುಪಿನ ಇಬ್ಬರು ಬಂದು "ನಕಲಿ ನೋಟು ಹುಡುಕುತ್ತಿದ್ದೇವೆ, ಪರ್ಸ್ ತೋರಿಸಿ" ಎಂದರೆ ಕೊಡಬೇಡಿ. ಪೊಲೀಸರು ಗುರುತಿನ ಪತ್ರ ಕೇಳಬಹುದು. ಬೀದಿಯಲ್ಲಿ ನಿಂತು ನಿಮ್ಮ ನೋಟು ಎಣಿಸುವುದು, ಕಾರ್ಡಿನ ಪಿನ್ ಕೇಳುವುದು ಅವರ ಕೆಲಸವಲ್ಲ. "ಠಾಣೆಗೆ ಹೋಗೋಣ" ಎಂದು ಜೋರಾಗಿ ಹೇಳಿ, 158ಕ್ಕೆ ಕರೆ ಮಾಡಿ. ಯಾವುದೇ ತುರ್ತಿಗೆ 112 ಇದೆ.

ಏನಾದರೂ ಕಳೆದರೆ ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬಂದ್ ಮಾಡಿ. ಆಮೇಲೆ ವೆನ್ಸೆಸ್ಲಾಸ್ ಚೌಕದ ಕೆಳತುದಿಗೆ ಹತ್ತಿರವಿರುವ ಯುಂಗ್‌ಮಾನೊವೊ ನಾಮ್ಯೆಸ್ತಿಯ ಠಾಣೆಗೆ ಹೋಗಿ. ವಿದೇಶಿಯರ ದೂರು ಪಡೆದು ಅಭ್ಯಾಸವಿರುವ ಠಾಣೆ ಅದು. ಪಾಸ್‌ಪೋರ್ಟ್ ಕಳೆದಿದ್ದರೆ ಆ ದೂರಿನ ಪ್ರತಿಯೊಂದಿಗೆ ಪ್ರಾಗ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ತೆರಳಿ. ಸಣ್ಣ ಮೊತ್ತ, ಪರದೇಶ, ಯಾಕೆ ರಗಳೆ ಎಂದು ಸುಮ್ಮನಾಗಬೇಡಿ. ದೂರಿನ ಪ್ರತಿ ಇಲ್ಲದೆ ಸಾಮಾನ್ಯವಾಗಿ ವಿಮೆಯ ಹಣವೂ ಬರುವುದಿಲ್ಲ.